ಎದುರು ಪುಟದ ಮನೆ

ನಮ್ಮ ಊರಿನಲ್ಲಿ ಬುದ್ಧಿವಂತರಿಗೇನೂ ಬರವಿಲ್ಲ. ಗ್ರಹಣ ಎಷ್ಟು ಗಂಟೆಗೆ ಹಿಡಿಯುತ್ತದೆ, ಸರ್ಕಾರ ಯಾವಾಗ ಬೀಳುತ್ತದೆ, ಯಾರ ಮನೆಯ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಎಲ್ಲವೂ ಎಲ್ಲರಿಗೂ ಗೊತ್ತು. ಆದರೆ ಪುಸ್ತಕದಲ್ಲಿ ಎರಡನೇ ಪುಟದ ಎದುರಿಗೆ ಬರುವುದು ಮೂರನೇ ಪುಟ, ಒಂದನೇ ಪುಟ ಅಲ್ಲ ಎಂಬ ಇಷ್ಟೇ ಇಷ್ಟು ಸಂಗತಿಯನ್ನು ಹನ್ನೆರಡು ವರ್ಷಗಳಲ್ಲಿ ಒಬ್ಬರ ತಲೆಗೂ ತುಂಬಲು ನನ್ನಿಂದ ಆಗಲಿಲ್ಲ.

ವರ್ಷಕ್ಕೊಮ್ಮೆ, ಶ್ರಾವಣದ ಮೊದಲ ಸೋಮವಾರ, ನಮ್ಮಲ್ಲಿ ಊರ ಪುಸ್ತಕ ಹೊರಬರುತ್ತದೆ. ಒಂದು ಮನೆಗೆ ಒಂದು ಪುಟ. ಯಜಮಾನರ ಫೋಟೋ, ಮನೆಯವರ ಹೆಸರು, ಉದ್ಯೋಗ, ಫೋನ್ ನಂಬರು, ಕೆಳಗೆ ಜಾಗ ಮಿಕ್ಕರೆ ಒಂದು ಸುಭಾಷಿತ. ಪುಸ್ತಕಕ್ಕೆ ಹೊಲಿಗೆ ಬಿದ್ದ ಗಳಿಗೆಯಿಂದ ಮುಂದಿನ ವರ್ಷದ ಹೊಲಿಗೆಯವರೆಗೆ, ಎದುರುಬದುರು ಪುಟದಲ್ಲಿರುವ ಎರಡು ಮನೆಗಳ ಮಾತು, ಸದ್ದೆಲ್ಲ ಒಂದಕ್ಕೊಂದು ಕೇಳಿಸುತ್ತದೆ. ಒಂದು ಮನೆ ಕೆರೆಯ ಆಚೆ ದಂಡೆಯಲ್ಲಿರಲಿ, ಇನ್ನೊಂದು ಪೇಟೆಯ ನಡುವೆ ಇರಲಿ, ಪಕ್ಕದ ಕೋಣೆಯಲ್ಲಿ ಆಡಿದಷ್ಟು ಸ್ಪಷ್ಟ. ಹೊಸ್ತಿಲು ದಾಟಿ ಆಡಿದ ಮಾತು ಮಾತ್ರ ಕೇಳಿಸುವುದಿಲ್ಲ. ಹಾಗಾಗಿ ನಮ್ಮಲ್ಲಿ ಮರ್ಯಾದಸ್ಥ ಗಂಡಹೆಂಡಿರು ಹಿತ್ತಿಲಿಗೆ ಹೋಗಿ ಜಗಳವಾಡುತ್ತಾರೆ. ಮಳೆಗಾಲದಲ್ಲಿ ಒಂದೇ ಕೊಡೆಯ ಕೆಳಗೆ ನಿಂತು ಒಬ್ಬರನ್ನೊಬ್ಬರು ಬೈದುಕೊಳ್ಳುವ ದಂಪತಿಗಳನ್ನು ನೋಡಿ ಹೊರಊರಿನವರು ಏನು ಪ್ರೀತಿ ಅಂದುಕೊಂಡು ಹೋಗುತ್ತಾರೆ.

ಇದಕ್ಕೆ ಕೆಲವು ಕಟ್ಟಳೆಗಳಿವೆ. ಎದುರು ಪುಟದ ಮಾತಿಗೆ ಉತ್ತರ ಕೊಡಬಾರದು. ಅಲ್ಲಿ ಕೇಳಿದ್ದನ್ನು ಬೀದಿಗೆ ತರಬಾರದು. ಆದರೆ ಆ ಮನೆಯವರು ನಿಮ್ಮನ್ನು ಹೆಸರು ಹಿಡಿದು ಕರೆದರೆ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಬಿಟ್ಟು ಓಡಬೇಕು. ಎಷ್ಟೋ ಬಾಣಂತಿಯರು, ಎಷ್ಟೋ ಮುದುಕರು ಹೀಗೆ ಬದುಕಿಕೊಂಡಿದ್ದಾರೆ.

ಪುಸ್ತಕದ ಪುಟ ಕಟ್ಟುವವಳು ನಾನು, ದಮಯಂತಿ. ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರು, ಕೀಬೋರ್ಡಿನ ಮೇಲೆ ಸದಾ ಒಂದು ಪದರ ಹಿಟ್ಟು. ಹೊಸ ಕಡತ ತೆರೆಯುವಾಗ 'ಫೇಸಿಂಗ್ ಪೇಜಸ್' ಎಂಬ ಸಣ್ಣ ಚೌಕಕ್ಕೆ ಗುರುತು ಹಾಕುತ್ತೇನೆ. ಪುಟಗಳು ಪರದೆಯ ಮೇಲೆ ಜೋಡಿಜೋಡಿಯಾಗಿ ನಿಲ್ಲುತ್ತವೆ. ಎಡಕ್ಕೆ ಸಮಸಂಖ್ಯೆ, ಬಲಕ್ಕೆ ಬೆಸ. ಮೊದಲ ಪುಟ ಬಲಗಡೆ ಒಂಟಿ, ಕೊನೆಯ ಪುಟ ಎಡಗಡೆ ಒಂಟಿ. ಇನ್ನೂರ ಹನ್ನೆರಡು ಮನೆಗಳಲ್ಲಿ ಈ ಎರಡು ಮನೆಗಳಿಗೆ ಮಾತ್ರ ಎದುರು ಪುಟವಿಲ್ಲ. ನಡುವೆ ಎಲ್ಲಾದರೂ ಒಂದು ಪುಟ ತುರುಕಿದರೆ ಅಲ್ಲಿಂದ ಮುಂದಿನ ಜೋಡಿಗಳೆಲ್ಲ ಒಡೆದು, ಒಂದೇ ಹಾಳೆಯ ಹಿಂದುಮುಂದಿದ್ದವರು ಎದುರುಬದುರಾಗುತ್ತಾರೆ. ಇದನ್ನು ವಿವರಿಸಲು ಮೇಜಿನ ಮೇಲೆ ಮಡಿಚಿದ ಒಂದು ಹಾಳೆ ಇಟ್ಟುಕೊಂಡಿದ್ದೆ. ಜನ ಅದನ್ನು ಬೀಸಣಿಗೆ ಮಾಡಿಕೊಂಡರು.

ಆಷಾಢ ಬಂತೆಂದರೆ ನನ್ನ ಮೆಟ್ಟಿಲ ಮೇಲೆ ಸಾಲು. ಮಗಳಿಗೆ ನೋಡಿದ ಗಂಡಿನ ಮನೆಯ ಎದುರಿಗೆ ಹಾಕು, ಒಂದು ವರ್ಷ ಕೇಳಿಸಿಕೊಂಡು ನಿಶ್ಚಯ ಮಾಡುತ್ತೇವೆ ಎನ್ನುವ ತಾಯಂದಿರು. ಅದೇ ಗಂಡಿನ ಮನೆಯವರು ಮಾರನೆಯ ದಿನ ಬಂದು, ನಮ್ಮನ್ನು ಯಾವ ಹೆಣ್ಣಿನ ಮನೆಯ ಎದುರಿಗೂ ಹಾಕಬೇಡ ಎನ್ನುವರು. ಸಂಗೀತ ಕಲಿಸುವವರ ಎದುರು ಬೇಡ, ಗೊರಕೆ ಹೊಡೆಯುವವರ ಎದುರು ಬೇಡ, ಡಾಕ್ಟರ ಎದುರಾದರೆ ಬೇಕು. ಜ್ಯೋತಿಷಿಯೊಬ್ಬರು ಒಂದು ವರ್ಷ ಶ್ರೀಮಂತರೊಬ್ಬರ ಎದುರು ಪುಟ ಗಿಟ್ಟಿಸಿಕೊಂಡು, ಆ ಮನೆಗೆ ಹೇಳಿದ ಭವಿಷ್ಯವೆಲ್ಲ ಅಕ್ಷರಶಃ ನಿಜವಾಗಿ ಹೆಸರು ಮಾಡಿದರು. ಮರುವರ್ಷ ಪುಟ ಬದಲಾಯಿತು, ಗ್ರಹಗತಿಯೂ ಕೈಕೊಟ್ಟಿತು. ಜನ ಗ್ರಹಗಳನ್ನು ಬೈದರು.

ನಾನೂ ಸಾಚಾ ಅಲ್ಲ. ಕೊನೆಯ ಪುಟವನ್ನು ಹನ್ನೆರಡು ವರ್ಷ ನನ್ನ ಮನೆಗೇ ಇಟ್ಟುಕೊಂಡಿದ್ದೆ. ನನ್ನ ಜೊತೆ ಇರುವವರು ಸೋದರತ್ತೆ ಭಾಗೀರಥಿ. ಎಪ್ಪತ್ತೆಂಟು ವರ್ಷ, ಕಿವಿ ಮಂದ. ತಮಗೆ ಕೇಳಿಸದ್ದರಿಂದ ಊರಿಗೆಲ್ಲ ಕೇಳಿಸುವುದಿಲ್ಲ ಎಂದು ತೀರ್ಮಾನಿಸಿ, ಕಾಫಿ ಕೇಳುವುದನ್ನೂ ಕೂಗಿಯೇ ಕೇಳುತ್ತಾರೆ. ಅವರನ್ನು ಯಾರ ಎದುರಿಗೂ ಹಾಕಬಾರದು ಎಂಬ ನೆಪ ನನಗೆ ಒಳ್ಳೆಯದೇ ಆಗಿತ್ತು. ನಿಜ ಹೇಳಬೇಕೆಂದರೆ, ಊರಿನವರ ಮಾತು ಹಗಲೆಲ್ಲ ಅಂಗಡಿಯಲ್ಲಿ ಕೇಳಿ, ಮನೆಯಲ್ಲೂ ಕೇಳುವ ದರ್ದು ನನಗಿರಲಿಲ್ಲ.

ಮೊದಲ ಪುಟ ಪುಸ್ತಕ ಸಮಿತಿಯ ಅಧ್ಯಕ್ಷರಾದ ತ್ರಿಯಂಬಕರಾಯರದು. ಅದೂ ಹನ್ನೆರಡು ವರ್ಷದಿಂದ. ರಾಯರು ಅಂದರೆ ಮಡಿಕೆ ಮುರಿಯದ ಬಿಳಿ ಪಂಚೆ, ಎಂದೂ ಏರದ ದನಿ. ಭಾಷಣದಲ್ಲಿ ಪ್ರತಿ ವರ್ಷ ಒಂದು ಮಾತು ತಪ್ಪದೆ ಹೇಳುತ್ತಿದ್ದರು: "ಎದುರು ಪುಟಕ್ಕೆ ಹೆದರುವವನು ಮನೆಯಲ್ಲಿ ಏನನ್ನೋ ಬಚ್ಚಿಟ್ಟಿರುತ್ತಾನೆ." ಎದುರು ಪುಟವೇ ಇಲ್ಲದ ಮನುಷ್ಯ ಇದನ್ನು ಹೇಳಿದಾಗ ಊರು ಚಪ್ಪಾಳೆ ತಟ್ಟುತ್ತಿತ್ತು. "ರಾಯರ ಮನೆಯಿಂದ ಇವತ್ತಿನವರೆಗೆ ಒಂದು ಜೋರು ಮಾತು ಯಾರೂ ಕೇಳಿಲ್ಲ" ಎಂದು ಹೊಗಳುತ್ತಿತ್ತು. ಕೇಳಲು ಯಾರಿದ್ದರು? ಇಂಥ ಚಪ್ಪಾಳೆಯ ಸದ್ದಿಗಿಂತ ಕೆಳಗಿನ ಗಿರಣಿಯ ಸದ್ದು ಎಷ್ಟೋ ಮೇಲು, ಅದರಿಂದ ಹಿಟ್ಟಾದರೂ ಬರುತ್ತದೆ.

ಈ ವರ್ಷ ಆಷಾಢದ ಒಂದು ಮಧ್ಯಾಹ್ನ ರಾಯರ ಹೆಂಡತಿ ಅಂಬುಜಾಕ್ಷಮ್ಮ ನನ್ನ ಮೆಟ್ಟಿಲು ಹತ್ತಿ ಬಂದರು. ಅವರು ಒಬ್ಬರೇ ಎಲ್ಲಿಗೂ ಹೋದದ್ದನ್ನು ನಾನು ನೋಡಿರಲಿಲ್ಲ. ಎದುರಿಗೆ ಸಿಕ್ಕರೂ ಮಾತಾಡದ ಹೆಂಗಸು, ಗಂಡನ ಅಧ್ಯಕ್ಷಗಿರಿ ತಲೆಗೇರಿದೆ ಎಂದೇ ನಾನು ತಿಳಿದಿದ್ದೆ. ಕುರ್ಚಿ ತೋರಿಸಿದೆ. ಕೂರಲಿಲ್ಲ.

"ನಮ್ಮ ಪುಟದ ಎದುರಿಗೆ ಯಾರನ್ನಾದ್ರೂ ಹಾಕು ದಮಯಂತಿ" ಅಂದರು.

ಹನ್ನೆರಡು ವರ್ಷದಲ್ಲಿ ಅಂಥ ಬೇಡಿಕೆ ಯಾರೂ ಇಟ್ಟಿರಲಿಲ್ಲ. "ಮೊದಲ್ನೇ ಪುಟಕ್ಕೆ ಎದುರು ಪುಟ ಇರಲ್ಲ ಅಂಬುಜಮ್ಮ" ಎಂದು ನನ್ನ ಮಡಿಚಿದ ಹಾಳೆಗೆ ಕೈ ಹಾಕಿದೆ.

"ಇರಲ್ಲ ಅನ್ನೋದು ನಂಗೆ ಹನ್ನೆರಡು ವರ್ಷದಿಂದ ಗೊತ್ತು" ಅಂದರು ಅವರು.

ಹಾಳೆಯನ್ನು ಅಲ್ಲೇ ಬಿಟ್ಟೆ. "ಯಾರನ್ನ ಹಾಕ್ಲಿ? ನಿಮ್ಮ ತವರಿನ ಕಡೆಯವರು ಯಾರಾದ್ರೂ..."

"ಯಾರಾದ್ರೂ ಆಗುತ್ತೆ. ಕಿವಿ ಇದ್ರೆ ಸಾಕು."

"ರಾಯರು ಹೊಡೀತಾರಾ?" ಎಂದು ನಾನು ಕೇಳಿದ್ದು ತೀರಾ ಒರಟಾಗಿತ್ತು. ನನ್ನ ಮಾತೇ ಹಾಗೆ.

"ಹೊಡೆದಿದ್ರೆ ತೋರಿಸಬಹುದಿತ್ತು" ಅಂದರು. ಸೆರಗಿನಿಂದ ಕೀಬೋರ್ಡಿನ ಮೇಲಿನ ಹಿಟ್ಟನ್ನು ಒರೆಸಿದರು, ತಮ್ಮ ಮನೆಯದೇ ವಸ್ತು ಎನ್ನುವ ಹಾಗೆ. "ಮಾತಿಗೆ ಗಾಯ ಇರಲ್ವಲ್ಲ. ಅಣ್ಣನ ಹತ್ರ ಒಂದ್ಸಲ ಹೇಳ್ದೆ. ಅಷ್ಟು ಮೆತ್ತಗೆ ಮಾತಾಡೋ ಮನುಷ್ಯನ ಮೇಲೆ ದೂರು ಹೇಳ್ತೀಯಲ್ಲ, ನಿಂಗೆ ತಲೆ ಸರಿ ಇದೆಯಾ ಅಂದ. ಇತ್ತೀಚೆಗೆ ನಂಗೂ ಹಾಗೇ ಅನ್ಸುತ್ತೆ. ನಂಗೆ ಕೇಳ್ಸೋದೆಲ್ಲ ನಿಜವಾಗ್ಲೂ ಅವರು ಅಂದದ್ದೇ ಹೌದಾ ಅಂತ. ಇನ್ನೊಬ್ಬರಿಗೂ ಕೇಳಿಸ್ಬೇಕು."

ಅಷ್ಟು ಹೇಳಿ ಇಳಿದು ಹೋದರು. ನಾನು ಪರದೆಯ ಮುಂದೆ ಕೂತೆ. ಬಲಗಡೆ ಒಂಟಿಯಾಗಿ ರಾಯರ ಪುಟ. ಯಜಮಾನರ ಹೆಸರಿನ ಕೆಳಗೆ "ಪತ್ನಿ: ಅಂಬುಜಾಕ್ಷಿ, ಗೃಹಿಣಿ". ಆ ಪುಟವನ್ನು ಪ್ರತಿ ವರ್ಷ ನಾನೇ ಅಲ್ಲಿ ಕೂರಿಸಿದ್ದೆ. ಕೇಳಿದ್ದು ರಾಯರು, ಕೊಟ್ಟದ್ದು ನಾನು. ಊರಿನವರ ಚಪ್ಪಾಳೆಯನ್ನು ಹೀಯಾಳಿಸುತ್ತ ಕೂತಿದ್ದವಳು ಆ ಮನೆಯ ಬಾಗಿಲಿಗೆ ಅಗುಳಿ ಹಾಕಿಕೊಟ್ಟಿದ್ದೆ. ಇದು ನನಗೆ ಆವತ್ತು ಹೊಳೆಯಿತು. ಹೊಳೆಯುವುದಕ್ಕೆ ಹನ್ನೆರಡು ವರ್ಷ ಬೇಕಾಯಿತು ಎಂಬುದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಉಪಾಯ ಬಹಳ ಸರಳವಾಗಿತ್ತು. ಎಲ್ಲಕ್ಕಿಂತ ಮುಂದೆ ಒಂದು ಹೊಸ ಪುಟ ಸೇರಿಸಿದರೆ ರಾಯರ ಮನೆ ಎರಡನೇ ಪುಟಕ್ಕೆ, ಅಂದರೆ ಎಡಗಡೆಗೆ ಸರಿಯುತ್ತದೆ. ಅದರ ಎದುರು ಮೂರನೇ ಪುಟಕ್ಕೆ ಯಾವುದಾದರೂ ಒಂದು ಮನೆಯನ್ನು ತಂದು ಕೂರಿಸಿದರೆ, ಉಳಿದ ಜೋಡಿಗಳೆಲ್ಲ ಒಟ್ಟೊಟ್ಟಿಗೇ ಎರಡೆರಡು ಪುಟ ಹಿಂದೆ ಸರಿಯುತ್ತವೆ. ಒಂದು ಜೋಡಿಯೂ ಒಡೆಯುವುದಿಲ್ಲ. ತಂದು ಕೂರಿಸಬಹುದಾದ ಒಂಟಿ ಮನೆ ಇದ್ದದ್ದು ಒಂದೇ, ಕೊನೆಯಲ್ಲಿದ್ದ ನನ್ನದು. ಮೌಸಿನ ಗುಂಡಿ ಒತ್ತಿ ಹಿಡಿದು ನನ್ನ ಮನೆಯನ್ನು ಕೊನೆಯಿಂದ ಮೊದಲಿನವರೆಗೆ ಎಳೆದು ತಂದೆ. ಖಾಲಿ ಬಿದ್ದ ಹಿಂದಿನ ಪುಟಗಳಿಗೆ ಬಸ್ಸಿನ ವೇಳಾಪಟ್ಟಿ ಹಾಕಿದೆ.

ರಾಯರನ್ನು ಒಪ್ಪಿಸುವುದು ಇನ್ನೂ ಸುಲಭವಾಯಿತು. "ಈ ಸಲ ಪುಸ್ತಕದ ಶುರುವಿನಲ್ಲೇ ಅಧ್ಯಕ್ಷರ ಸಂದೇಶ ಹಾಕೋಣ ಅಂತ ರಾಯರೇ, ಬಣ್ಣದ ಫೋಟೋ ಸಮೇತ. ಅದರ ಬೆನ್ನಿಗೇ ನಿಮ್ಮ ಮನೆಯ ಪುಟ" ಅಂದೆ.

"ಮೊದಲನೇ ಪುಟ ನನ್ನದೇ ತಾನೆ?"

"ನಿಮ್ಮದೇ. ಪೂರ್ತಿ ಪುಟ ನಿಮ್ಮ ಮುಖವೇ."

"ಮತ್ತೆ ನಮ್ಮ ಮನೆಯ ಪುಟ ಎಡಕ್ಕೆ ಬರುತ್ತೋ ಬಲಕ್ಕೆ ಬರುತ್ತೋ?" ಎಂದು ಅವರು ಕೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ. ಅವರು ಕೇಳಲಿಲ್ಲ. ಒಂದೊಂದೇ ಹಾಳೆಯಾಗಿ ತೆಗೆದುಕೊಟ್ಟ ಪ್ರೂಫಿನಲ್ಲಿ ತಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದರು. "ಕತ್ತಿನ ಹತ್ತಿರದ ನೆರಿಗೆ ಸ್ವಲ್ಪ ತೆಗಿಯಮ್ಮ" ಅಂದರು. ಮಿಕ್ಕ ಹಾಳೆಗಳಿಗೆ ಕಣ್ಣು ಹಾಯಿಸದೆ ಸಹಿ ಮಾಡಿದರು. "ಪುಟ ಜೋಡಿಸೋದೆಲ್ಲ ಟೈಪಿಸ್ಟುಗಳ ಕೆಲಸ, ಅದಕ್ಕೆಲ್ಲ ತಲೆ ಕೆಡಿಸ್ಕೊಂಡು ಕೂತ್ರೆ ನಮಗೆ ಹೊತ್ತೆಲ್ಲಿ?"

ಶ್ರಾವಣದ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊಲಿಗೆ ಬಿತ್ತು. ವಾಚನಾಲಯದಲ್ಲಿ ರಾಯರು ಪುಸ್ತಕ ಬಿಡುಗಡೆ ಮಾಡಿ, ಎದುರು ಪುಟಕ್ಕೆ ಹೆದರುವವನ ಬಗ್ಗೆ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು ಊಟಕ್ಕೆ ಮನೆಗೆ ಹೋದರು. ನಾನೂ ಮನೆಗೆ ಹೋದೆ. ಅತ್ತೆಗೆ ಬಡಿಸಿ ನಾನು ತಟ್ಟೆ ಹಾಕಿಕೊಳ್ಳುವಷ್ಟರಲ್ಲಿ ನಮ್ಮ ಅಡುಗೆಮನೆಯಲ್ಲಿ ರಾಯರ ದನಿ ಕೇಳಿತು. ಭಾಷಣದ್ದೇ ದನಿ, ಅಷ್ಟೇ ಮೃದು.

"ಅಂಬುಜಾ, ಇದನ್ನ ಏನಂತಾರೆ?"

"ಹುಳಿ."

"ಹುಳಿ ಅಂತ ನೀನು ಅಂದ್ಕೊಂಡಿದೀಯ. ನಿನ್ನ ಯೋಗ್ಯತೆಗೆ ಅದು ಹುಳಿ. ಇಪ್ಪತ್ತೊಂಬತ್ತು ವರ್ಷ ಒಂದು ನಾಯಿಗೆ ಹೇಳ್ಕೊಟ್ಟಿದ್ರೆ ಅದು ಕಲೀತಿತ್ತು. ಹೌದೋ ಅಲ್ವೋ?"

"ಹೌದು."

"ಪೂರ್ತಿ ಹೇಳು. ನಾಯಿ ಕಲೀತಿತ್ತು, ನಾನು ಕಲೀಲಿಲ್ಲ. ಹೇಳು. ನೀನು ಹೇಳೋವರೆಗೂ ನಾನು ಕಾಯ್ತೀನಿ, ನಂಗೇನೂ ಅವಸರ ಇಲ್ಲ."

ಅವರಿಗೆ ಎದುರು ಪುಟದ ಅರಿವೇ ಇರಲಿಲ್ಲ. ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. ಅಂಬುಜಾಕ್ಷಮ್ಮ ಹೇಳತೊಡಗಿದರು, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ, ಒಂದೊಂದೇ ಪದ. ನನ್ನ ಮುಖ ನೋಡಿ ಅತ್ತೆ, "ಏನಾಯ್ತೇ? ಯಾರೇನಂದ್ರು?" ಎಂದು ಕೂಗಿದರು.

ಎದುರು ಪುಟಕ್ಕೆ ಉತ್ತರ ಕೊಡಬಾರದೆಂಬ ಕಟ್ಟಳೆ ನನಗೆ ಗೊತ್ತಿತ್ತು. ಮನೆಯ ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡಬಾರದು ಎಂದು ಯಾವ ಕಟ್ಟಳೆಯೂ ಇಲ್ಲ. ಅತ್ತೆಯ ಕಿವಿಗೆ ಮುಟ್ಟುವಷ್ಟು ಜೋರಾಗಿ ಕೂಗಿದೆ: "ತ್ರಿಯಂಬಕರಾಯರು ಅತ್ತೆ! ಹುಳಿ ಸರಿಯಿಲ್ಲ ಅಂತ ಹೆಂಡತಿ ಕೈಲಿ ನಾಯಿಗಿಂತ ಕಡೆ ಅಂತ ಹೇಳಿಸ್ತಿದಾರೆ!"

"ಯಾರು, ಆ ಪಂಚೆ ಅಧ್ಯಕ್ಷನಾ?" ಅತ್ತೆ ಅನ್ನದ ಕೈಯಲ್ಲೇ ನೆಲಕ್ಕೆ ಬಡಿದರು. "ಹುಳಿ ಬೇಡ ಅಂದ್ರೆ ಎದ್ದು ಹೋಗಿ ಅವನೇ ಮಾಡ್ಕೊಳ್ಳಕ್ಕೆ ಹೇಳು! ಥೂ, ಇವನ ಮುಖ ನೋಡಕ್ಕೆ ನಾನು ಹೋದ ವರ್ಷ ವಾಚನಾಲಯದವರೆಗೆ ನಡೆದು ಹೋಗಿದ್ನಲ್ಲೇ!"

ಎದುರು ಮನೆಯಲ್ಲಿ ಮಾತು ನಿಂತಿತು. ಆಮೇಲೆ ಅಂಬುಜಾಕ್ಷಮ್ಮನ ದನಿ, ಯಾರಿಗೆ ಅಂತ ಗೊತ್ತಾಗದ ಹಾಗೆ: "ಕೇಳಿಸ್ತಂತೆ. ಅವರಿಗೂ ಕೇಳಿಸ್ತಂತೆ."

ಸಂಜೆಯೊಳಗೆ ರಾಯರು ನನ್ನ ಅಂಗಡಿಯಲ್ಲಿದ್ದರು. ಮೊದಲ ಸಲ ಅವರ ಪಂಚೆಯ ಮಡಿಕೆ ಕೆಟ್ಟಿದ್ದನ್ನು ನೋಡಿದೆ. ದನಿ ಮಾತ್ರ ಏರಿರಲಿಲ್ಲ. "ಪುಸ್ತಕ ವಾಪಸ್ ತರಿಸು. ಹೊಲಿಗೆ ಬಿಚ್ಚಿಸಿ ಮತ್ತೆ ಕಟ್ಟಿಸು."

"ಕಾರಣ ಏನಂತ ಬರೀಲಿ ರಾಯರೇ?"

"ತಪ್ಪಾಗಿದೆ ಅಂತ ಬರಿ."

"ಏನು ತಪ್ಪು? ಕಾಗುಣಿತದ್ದಾ?"

ಅವರು ನಗುವುದಕ್ಕೆ ಪ್ರಯತ್ನಿಸಿದರು. "ನೀನು ಮಾಡಿರೋದು ಏನು ಅಂತ ನಂಗೆ ಗೊತ್ತು. ಇನ್ನು ಮುಂದೆ ಈ ಊರಿನ ಒಂದು ಚೀಟಿಯೂ ನಿನ್ನ ಹತ್ರ ಬರಲ್ಲ" ಎಂದು ಇಳಿದು ಹೋದರು.

ಬುಧವಾರ ಸಮಿತಿ ಸೇರಿತು. ನನ್ನನ್ನೂ ಕರೆದು ಬಾಗಿಲ ಹತ್ತಿರ ನಿಲ್ಲಿಸಿದರು. ಪುಟಗಳು ಅದಲುಬದಲಾಗಿವೆ, ಎಲ್ಲ ಬಿಚ್ಚಿಸಿ ಮೊದಲಿನಂತೆ ಕಟ್ಟಿಸಬೇಕು ಎಂದು ರಾಯರು ಮಂಡಿಸಿದರು. ಸಮಿತಿಯಲ್ಲಿ ನಿವೃತ್ತ ಹೆಡ್ ಮಾಸ್ತರು ಕೇಶವಯ್ಯ ಎಂಬ ಪರಮ ಸಾಧು ಇದ್ದಾರೆ. ರಾಯರ ಭಕ್ತರಲ್ಲಿ ಮೊದಲಿಗರು. ಅವರು ಎದ್ದು ನಿಂತು ಕೈಮುಗಿದು, "ಬಿಚ್ಚಿಸೋದು ಯಾಕೆ ಸ್ವಾಮೀ? ನಮ್ಮ ಜೋಡಿಗಳೆಲ್ಲ ಮಾತಾಡ್ಕೊಂಡ ಹಾಗೇ ಬಂದಿವೆ. ತಮ್ಮದೊಂದೇ ಬದಲಾಗಿರೋದು. ತಮ್ಮಂಥವರಿಗೆ ಎದುರು ಪುಟ ಇದ್ರೆ ತೊಂದರೆ ಏನು? ಇಷ್ಟು ವರ್ಷ ನೀವೇ ಹೇಳ್ಕೊಟ್ಟಿದೀರಲ್ಲ, ಹೆದರೋನು ಬಚ್ಚಿಟ್ಟಿರ್ತಾನೆ ಅಂತ!" ಅಂದರು. ಅದರಲ್ಲಿ ಎಳ್ಳಷ್ಟೂ ವ್ಯಂಗ್ಯವಿರಲಿಲ್ಲ. ವ್ಯಂಗ್ಯ ಮಾಡುವಷ್ಟು ಬುದ್ಧಿ ಆ ಮನುಷ್ಯನಿಗಿಲ್ಲ. ಉಳಿದವರು ಹೌದು ಹೌದು ಎಂದು ಚಪ್ಪಾಳೆ ತಟ್ಟಿದರು. ರಾಯರು ತಮ್ಮ ಚಪ್ಪಾಳೆಯ ನಡುವೆ ಕೂತೇ ಇದ್ದರು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ರೇಡಿಯೋ ಶುರುವಾಯಿತು. ಬೆಳಗಿನಿಂದ ಕೃಷಿ ವಾರ್ತೆ, ಮಾರುಕಟ್ಟೆ ದರ, ಚಿತ್ರಗೀತೆ. ಅದರ ಕೆಳಗೆ ರಾಯರ ಪಿಸುಮಾತು ಹಲ್ಲಿಯ ಲೊಚಗುಟ್ಟುವಿಕೆಯ ಹಾಗೆ ಕೇಳುತ್ತಿತ್ತು. ಪದ ತಿಳಿಯುತ್ತಿರಲಿಲ್ಲ. ನನ್ನಿಂದ ಅಂಬುಜಾಕ್ಷಮ್ಮನಿಗೆ ಉಪಕಾರವಾಯಿತೋ ಅಪಕಾರವಾಯಿತೋ ಎಂದು ಯೋಚಿಸುತ್ತ ನಾನು ಅಂಗಡಿಗೂ ಹೋಗದೆ ಅಡುಗೆಮನೆಯಲ್ಲೇ ಕೂತಿರುತ್ತಿದ್ದೆ. ಹೋಗಿಯಾದರೂ ಏನು ಮಾಡುವುದಿತ್ತು, ರಾಯರ ಮಾತಿನಂತೆ ಒಂದು ಮದುವೆ ಕರೆಯೋಲೆಯೂ ಬರುತ್ತಿರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ರೇಡಿಯೋ ಥಟ್ಟನೆ ನಿಂತಿತು.

"ಹಿತ್ತಿಲಿಗೆ ಬಾ" ಅಂದರು ರಾಯರು. "ನಿನ್ನ ಹತ್ರ ಒಂದು ವಿಷಯ ಮಾತಾಡ್ಬೇಕು."

"ಇಲ್ಲೇ ಹೇಳಿ."

"ಹಿತ್ತಿಲಿಗೆ ಬಾ ಅಂದೆ."

"ಬರಲ್ಲ. ಏನಿದ್ರೂ ಹೊಸ್ತಿಲ ಒಳಗೇ ಹೇಳಿ."

ಕುರ್ಚಿ ಸರಿದ ಸದ್ದಾಯಿತು. ನಾನು ಎದ್ದು ನಿಂತೆ. ಆಗ ಅಂಬುಜಾಕ್ಷಮ್ಮ ಕರೆದರು, ಕಾಫಿಗೆ ಕರೆಯುವಷ್ಟೇ ಸಾಧಾರಣ ದನಿಯಲ್ಲಿ: "ದಮಯಂತೀ."

ಓಡಿದೆ. ಅತ್ತೆಗೆ ಏನೂ ಕೇಳಿಸಿರಲಿಲ್ಲ, ಆದರೂ ನಾನು ಚಪ್ಪಲಿ ಮೆಟ್ಟದೆ ಹೊರಟದ್ದು ನೋಡಿ ಅವರೂ ಹಿಂದೆಯೇ ಹೊರಟರು. ನಾಲ್ಕು ಬೀದಿ ದಾಟಿ ಹೋಗುವ ಹೊತ್ತಿಗೆ, ಎದುರು ಪುಟದ ಕರೆಗೆ ಓಡುವವರನ್ನು ಕಂಡರೆ ದಾರಿ ಬಿಡುವ ರೂಢಿಯಂತೆ ಜನ ಬದಿಗೆ ಸರಿದು, ನಾವು ಹೋಗುತ್ತಿರುವುದು ಯಾರ ಮನೆಗೆ ಎಂದು ಬಾಯಿ ತೆರೆದು ನೋಡುತ್ತಿದ್ದರು.

ರಾಯರು ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ಅಂಬುಜಾಕ್ಷಮ್ಮ ನಡುಮನೆಯ ಕಂಬ ಹಿಡಿದು ನಿಂತಿದ್ದರು. "ನಾನು ಇವರ ಜೊತೆ ಹೋಗ್ತೀನಿ" ಅಂದರು.

"ಹೋಗು" ಅಂದರು ರಾಯರು ನಗುತ್ತ. "ನಾಳೆ ಬೆಳಿಗ್ಗೆಗೆ ವಾಪಸ್ ಬರ್ತೀಯ. ಲೋಟ ತೊಳೆಯೋಕೆ ಬರದ ಹೆಂಗಸನ್ನ ಯಾರು ಇಟ್ಕೋತಾರೆ?"

ಅತ್ತೆಗೆ ಮಾತು ಕೇಳಿಸದಿದ್ದರೂ ಆ ನಗು ಕಾಣಿಸಿತು. ಮುಂದೆ ಹೋಗಿ ಅಂಬುಜಾಕ್ಷಮ್ಮನ ಕೈಯನ್ನು ಕಂಬದಿಂದ ಬಿಡಿಸಿ ತಮ್ಮ ಕೈಯಲ್ಲಿ ಹಿಡಿದುಕೊಂಡರು. "ನಡಿಯಮ್ಮ. ನಂಗೆ ಕೇಳಿಸಲ್ಲ, ಇವಳು ಮಾತಾಡಲ್ಲ. ಮನೇಲಿ ಒಬ್ಬರಾದ್ರೂ ಮನುಷ್ಯರು ಬೇಕು" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

ಊರು ಏನು ಮಾಡಿತು ಎಂದು ಹೇಳಲೇಬೇಕು. ಒಂದು ವಾರದೊಳಗೆ ಎಲ್ಲರಿಗೂ ಎಲ್ಲವೂ ಮೊದಲಿನಿಂದಲೇ ಗೊತ್ತಿತ್ತು. ಹನ್ನೆರಡು ವರ್ಷ ಚಪ್ಪಾಳೆ ತಟ್ಟಿದ ಕೈಗಳು ಗಲ್ಲಕ್ಕೆ ಹೋದವು. "ಅಷ್ಟು ಮೆತ್ತಗೆ ಮಾತಾಡೋನನ್ನ ನಾನು ಯಾವತ್ತೂ ನಂಬಿರಲಿಲ್ಲ" ಎಂದು ಅಂಬುಜಾಕ್ಷಮ್ಮನ ಅಣ್ಣನೇ ನನ್ನ ಅಂಗಡಿಗೆ ಬಂದು ಹೇಳಿದ. ಕೇಶವಯ್ಯನವರೊಬ್ಬರು ಮಾತ್ರ ರಾಯರನ್ನು ಈಗಲೂ ನಂಬುತ್ತಾರೆ. ಅವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಕಂಡದ್ದನ್ನು ಕಾಣದ ಪೆದ್ದ ಒಂದು ತೂಕ ಮೇಲು, ಕಾಣದ್ದನ್ನು ಕಂಡಿದ್ದೆ ಅನ್ನುವವನಿಗಿಂತ.

ಅಂಬುಜಾಕ್ಷಮ್ಮ ನಮ್ಮ ಮನೆಯಲ್ಲೇ ಇದ್ದಾರೆ. ಮೊದಲ ತಿಂಗಳು ಪ್ರತಿಯೊಂದಕ್ಕೂ ಅಪ್ಪಣೆ ಕೇಳುತ್ತಿದ್ದರು, ಕಿಟಕಿ ತೆಗೀಲಾ, ನೀರು ಕುಡೀಲಾ ಅಂತ. ಅತ್ತೆಗೆ ಕೇಳಿಸದೆ "ಏನು?" "ಏನು?" ಎಂದು ಮೂರು ಮೂರು ಸಲ ಕೂಗಿದ ಮೇಲೆ, ಕೇಳುವುದೇ ಬೇಸರವಾಗಿ, ತಾವೇ ತೆಗೆದು, ತಾವೇ ಕುಡಿಯತೊಡಗಿದರು. ಈಗ ಅವರೂ ಕೂಗಿಯೇ ಮಾತಾಡುತ್ತಾರೆ. ವರ್ಷ ಮುಗಿಯುವವರೆಗೆ ಅದೆಲ್ಲ ರಾಯರ ಮನೆಗೆ ಕೇಳಿಸುತ್ತಿರುತ್ತದೆ. ನಮಗೆ ಅಲ್ಲಿಂದ ಕೇಳಿಸುವುದು ಹೆಚ್ಚೇನಿಲ್ಲ. ಕೆಮ್ಮು, ನಲ್ಲಿ, ಒಮ್ಮೊಮ್ಮೆ ಭಾಷಣದ ಎರಡು ಸಾಲು.

ಹೋದ ವಾರ ಮಧ್ಯಾಹ್ನ ನಾವು ಮೂವರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಆ ದನಿ ಬಂತು. ಮೃದುವಾಗಿಯೇ ಇತ್ತು, ಆದರೆ ಅದಕ್ಕೆ ಹೇಗೋ ತುಕ್ಕು ಹಿಡಿದಂತಿತ್ತು. "ಕೇಳಿಸ್ತಿದೆಯಾ? ದಮಯಂತೀ... ಸಾಸಿವೆ ಎಲ್ಲಿಟ್ಟಿದಾಳೆ ಅಂತ ಕೇಳು."

ಹೆಸರು ಹಿಡಿದು ಕರೆದಿದ್ದರು. ಕಟ್ಟಳೆಯ ಪ್ರಕಾರ ನಾನು ಓಡಬೇಕಿತ್ತು. ಎದ್ದೆ. ಅಂಬುಜಾಕ್ಷಮ್ಮ ನನ್ನ ಸೆರಗು ಹಿಡಿದು ಕೂರಿಸಿದರು.

"ಕೂತ್ಕೋ. ಪ್ರಾಣ ಹೋಗೋ ವಿಷಯ ಅಲ್ಲ" ಅಂದರು, ತಗ್ಗಿಸದ ದನಿಯಲ್ಲಿ. "ಹುಡುಕಲಿ."

ಮೂವರೂ ಕಾಯಿ ಸುಲಿದೆವು. ಸ್ವಲ್ಪ ಹೊತ್ತಿಗೆ ಎದುರು ಮನೆಯಲ್ಲಿ ಡಬ್ಬಿಗಳ ಮುಚ್ಚಳಗಳು ಒಂದೊಂದಾಗಿ ತೆರೆದುಕೊಳ್ಳುವ ಸದ್ದು ಕೇಳತೊಡಗಿತು.